ಪಾನಗಲ್ ರಾಜಾ: ಮದ್ರಾಸಿನ ಮಂತ್ರಿ ತಂದ ಕಾಯ್ದೆ ನಮ್ಮೂರಿನ ದೇವಸ್ಥಾನದವರೆಗೆ

ಕುಂದಾಪುರದ ಓದುಗ

ಇತಿಹಾಸದ ಮಾತು ಬಂದರೆ ನಾವು ನೇರ ಮೈಸೂರಿನ ದಿವಾನರ ಹತ್ತಿರ ಹೋಗಿ ನಿಲ್ಲುತ್ತೇವೆ. ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್, ನಾಲ್ವಡಿಯವರ ಕಾಲ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮಂಗಳೂರು, ಉಡುಪಿ, ಕುಂದಾಪುರ, ಬಳ್ಳಾರಿ, ಕೊಳ್ಳೇಗಾಲದವರಿಗೆ ಸರ್ಕಾರ ಇದ್ದದ್ದು ಮದ್ರಾಸಿನಲ್ಲಿ. ತಾಲ್ಲೂಕು ಬೋರ್ಡು, ಆಸ್ಪತ್ರೆ, ಶಾಲೆಯ ಅನುದಾನ, ಎಲ್ಲದರ ಕಾಗದ ಅಲ್ಲಿಂದಲೇ ಬರಬೇಕಿತ್ತು. ಆ ಸರ್ಕಾರ ನಡೆಸಿದವರ ಹೆಸರು ಮಾತ್ರ ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ.

ಅವರಲ್ಲಿ ಒಬ್ಬರ ಬಗ್ಗೆ ಬರೆಯಬೇಕು ಅಂತ ಬಹಳ ದಿನಗಳಿಂದ ಇತ್ತು. ಪಾನಗಲ್ ರಾಜಾ. ಪೂರ್ತಿ ಹೆಸರು ಪಾನಗಂಟಿ ರಾಮರಾಯನಿಂಗಾರು. 1866ರ ಜುಲೈ 9ರಂದು ಕಾಳಹಸ್ತಿಯಲ್ಲಿ ಹುಟ್ಟಿದವರು. ತೆಲುಗು ಮನೆಮಾತಿನ ವೆಲಮ ಜಮೀನ್ದಾರಿ ಮನೆತನ. ಮದ್ರಾಸಿನ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲಿನಲ್ಲಿ ಓದಿ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ತೆಗೆದುಕೊಂಡು ಪದವಿ ಪಡೆದರು. ಆಮೇಲೆ ಎಂ.ಎ. ಕೂಡ ಮಾಡಿದರು. ಆ ಕಾಲದ ಜಮೀನ್ದಾರರ ಮಕ್ಕಳಲ್ಲಿ ಇಷ್ಟು ಓದಿದವರು ಕಡಿಮೆ. 1912ರಿಂದ 1915ರವರೆಗೆ ವೈಸರಾಯ್ ಅವರ ಶಾಸನಸಭೆಯಲ್ಲಿ ದಕ್ಷಿಣದ ಜಮೀನ್ದಾರರ ಪ್ರತಿನಿಧಿಯಾಗಿ ಕೂತರು. 1916ರಲ್ಲಿ ಟಿ.ಎಂ. ನಾಯರ್, ಪಿ. ತ್ಯಾಗರಾಯ ಚೆಟ್ಟಿ ಮುಂತಾದವರು ಸೇರಿ ಕಟ್ಟಿದ ಬ್ರಾಹ್ಮಣೇತರರ ಸಂಘಟನೆ ಮುಂದೆ ಜಸ್ಟಿಸ್ ಪಾರ್ಟಿ ಅಂತ ಹೆಸರಾಯಿತು. ಇವರು ಅದರ ಮುಂಚೂಣಿಗೆ ಬಂದರು.

1920ರ ಚುನಾವಣೆಯನ್ನು ಕಾಂಗ್ರೆಸ್ ಬಹಿಷ್ಕರಿಸಿತು. ಮದ್ರಾಸ್ ಕೌನ್ಸಿಲಿನ, ಅಂದರೆ ಪ್ರಾಂತ್ಯದ ಶಾಸನಸಭೆಯ, 98 ಚುನಾಯಿತ ಸ್ಥಾನಗಳಲ್ಲಿ 63 ಜಸ್ಟಿಸ್ ಪಾರ್ಟಿಗೆ ಬಂದವು. ಎ. ಸುಬ್ಬರಾಯಲು ರೆಡ್ಡಿಯಾರ್ ಮೊದಲ ಮಂತ್ರಿಯಾದರು, ಅಂದರೆ ಈಗಿನ ಮುಖ್ಯಮಂತ್ರಿಯ ಹಾಗೆ. ಅವರು ಆರೋಗ್ಯದ ಕಾರಣ ಕೆಲವೇ ತಿಂಗಳಲ್ಲಿ ಬಿಟ್ಟುಕೊಟ್ಟಾಗ, 1921ರ ಜುಲೈನಲ್ಲಿ ಆ ಜಾಗಕ್ಕೆ ಬಂದವರು ರಾಮರಾಯನಿಂಗಾರು. 1926ರ ಕೊನೆಯವರೆಗೆ ಅವರೇ ಇದ್ದರು. 'ಪಾನಗಲ್ ರಾಜಾ' ಎಂಬ ಬಿರುದು ಬಂದದ್ದೂ ಈ ಅವಧಿಯಲ್ಲೇ.

ಇವರ ಬಗ್ಗೆ ತಮಿಳುನಾಡಿನಲ್ಲಿ ನಡೆಯುವ ಮಾತೆಲ್ಲ ಸುಮಾರಾಗಿ ಮೀಸಲಾತಿ ಸುತ್ತವೇ ಇರುತ್ತದೆ. ನನಗೆ ಇನ್ನೊಂದು ಜಾಸ್ತಿ ಮುಖ್ಯ ಅನಿಸುತ್ತದೆ. ದೇವಸ್ಥಾನದ ಲೆಕ್ಕವನ್ನು ಸರ್ಕಾರಕ್ಕೆ ತೋರಿಸಬೇಕು ಅನ್ನುವ ಕಾನೂನನ್ನು ಹಟ ಹಿಡಿದು ತಂದವರು ಅವರು. ಅದೇ ಕಾನೂನಿನ ಮಕ್ಕಳು ಮರಿಮಕ್ಕಳು ನಮ್ಮ ಕರಾವಳಿಯ ದೇವಸ್ಥಾನಗಳನ್ನು 2003ರವರೆಗೆ ನಡೆಸಿದವು. ಅವರು ಚುನಾವಣೆ ಸೋತರು, ಎರಡೇ ವರ್ಷದಲ್ಲಿ ತೀರಿಯೂ ಹೋದರು. ಕಾಯ್ದೆ ಮಾತ್ರ ಬದುಕಿತು. ಒಬ್ಬ ರಾಜಕಾರಣಿಯನ್ನು ಅಳೆಯುವಾಗ ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು ಅನ್ನುವುದು ನನ್ನ ವಾದ. ನಿಮಗೆ ಗೊತ್ತಿರುವುದನ್ನು ಸೇರಿಸಿ.

ಕೋಲಾರದ ಹುಡುಗ

ಸರ್, ಒಂದು ಅನುಮಾನ. 1921ರಲ್ಲಿ ಬ್ರಿಟಿಷರೇ ಆಳುತ್ತಿದ್ದರಲ್ವಾ? ಹಾಗಿದ್ದ ಮೇಲೆ ಈ ಮಂತ್ರಿಗಳ ಕೈಯಲ್ಲಿ ಏನಿತ್ತು? ಸುಮ್ನೆ ಹೆಸರಿಗೆ ಮಂತ್ರಿಗಳಾ?

ಕುಂದಾಪುರದ ಓದುಗ

ಒಳ್ಳೆ ಪ್ರಶ್ನೆ. ಇದು ಗೊತ್ತಿಲ್ಲದೆ ಅವರ ಕೆಲಸದ ಬೆಲೆ ತಿಳಿಯುವುದಿಲ್ಲ.

1919ರ ಸುಧಾರಣೆಯಲ್ಲಿ ಪ್ರಾಂತ್ಯದ ಆಡಳಿತವನ್ನು ಎರಡು ಪಾಲು ಮಾಡಿದರು. ಹಣಕಾಸು, ಕಂದಾಯ, ಪೊಲೀಸು, ನ್ಯಾಯ, ಇವೆಲ್ಲ ಗವರ್ನರು ಮತ್ತು ಅವರ ಕಾರ್ಯಕಾರಿ ಸಮಿತಿಯ ಕೈಯಲ್ಲೇ ಉಳಿದವು. ಶಿಕ್ಷಣ, ಆರೋಗ್ಯ, ಸ್ಥಳೀಯ ಆಡಳಿತ, ಕೃಷಿ, ಕೈಗಾರಿಕೆ, ಅಬಕಾರಿ ಇಂಥವು ಚುನಾಯಿತ ಮಂತ್ರಿಗಳಿಗೆ. ಅಡುಗೆ ಮಾಡುವ ಜವಾಬ್ದಾರಿ ಸೊಸೆಗೆ, ಉಗ್ರಾಣದ ಬೀಗದ ಕೈ ಅತ್ತೆಯ ಸೊಂಟದಲ್ಲಿ. ಹಾಗಿತ್ತು ಸ್ಥಿತಿ.

ಮತ ಹಾಕುವವರೂ ಬಹಳ ಕಡಿಮೆ. ಆಸ್ತಿ, ತೆರಿಗೆ ಇದ್ದವರಿಗೆ ಮಾತ್ರ ಮತ. ಸಭೆ ಮಾಡಿದ ಮಸೂದೆಗೆ ಗವರ್ನರು ಒಪ್ಪಬೇಕು, ಮೇಲೆ ವೈಸರಾಯ್ ಒಪ್ಪಬೇಕು.

ಪಾನಗಲ್ ಇಟ್ಟುಕೊಂಡ ಖಾತೆ ಸ್ಥಳೀಯ ಆಡಳಿತ. ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಮುನ್ಸಿಪಾಲಿಟಿ ಎಲ್ಲ ಅದರ ಕೆಳಗೆ. ವೈದ್ಯಕೀಯವೂ ಇತ್ತು. ಕೈಯಲ್ಲಿ ದುಡ್ಡಿಲ್ಲದವನು ಏನು ಮಾಡಬಹುದು? ಕಾನೂನು ಮಾಡಬಹುದು, ಸಂಸ್ಥೆ ಕಟ್ಟಬಹುದು, ಯಾರನ್ನು ಎಲ್ಲಿಗೆ ನೇಮಿಸಬೇಕು ಅನ್ನುವುದನ್ನು ಬದಲಿಸಬಹುದು. ಅವರು ಮೂರನ್ನೂ ಮಾಡಿದರು. 1922ರಲ್ಲಿ ಕೈಗಾರಿಕೆಗಳಿಗೆ ಸರ್ಕಾರದ ಸಾಲ, ನೆರವು ಕೊಡುವ ಕಾನೂನು ಬಂತು. ಮದ್ರಾಸ್ ವಿಶ್ವವಿದ್ಯಾಲಯದ ಕಾಯ್ದೆ 1923ರಲ್ಲಿ ಹೊಸದಾಯಿತು, ಅದನ್ನು ತಂದವರು ಶಿಕ್ಷಣ ಮಂತ್ರಿ ಎ.ಪಿ. ಪಾತ್ರೊ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಆಗ ಅದೇ ವಿಶ್ವವಿದ್ಯಾಲಯದ ಕೆಳಗಿತ್ತು. ಆಂಧ್ರ ವಿಶ್ವವಿದ್ಯಾಲಯ ಶುರುವಾದದ್ದೂ 1926ರಲ್ಲಿ, ಇವರ ಸರ್ಕಾರ ಇರುವಾಗಲೇ.

ಆರೋಗ್ಯದಲ್ಲಿ ನನಗೆ ತುಂಬ ಹಿಡಿಸುವುದು ಒಂದು ಕೆಲಸ. ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳನ್ನು ಪರಿಶೀಲಿಸಲು ಮಹಮ್ಮದ್ ಉಸ್ಮಾನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಅದು 1923ರಲ್ಲಿ ವರದಿ ಕೊಟ್ಟಿತು. ಆಮೇಲೆ ಮದ್ರಾಸಿನಲ್ಲಿ ಈ ಮೂರೂ ಪದ್ಧತಿಗಳನ್ನು ಕಲಿಸುವ ಸರ್ಕಾರಿ ಶಾಲೆ ಶುರುವಾಯಿತು. ಕ್ಯಾಪ್ಟನ್ ಜಿ. ಶ್ರೀನಿವಾಸಮೂರ್ತಿ ಅದರ ಮೊದಲ ಪ್ರಿನ್ಸಿಪಾಲರು. ಊರಿನ ಪಂಡಿತರ ಮನೆಯಲ್ಲಿ ಅಪ್ಪನಿಂದ ಮಗನಿಗೆ ಹೋಗುತ್ತಿದ್ದ ವಿದ್ಯೆ ಮೇಜು, ಬೆಂಚು, ಪರೀಕ್ಷೆ ಇರುವ ಜಾಗಕ್ಕೆ ಬಂತು. ಯಾವ ಮನೆಯ ಹುಡುಗ ಬೇಕಾದರೂ ಕಲಿಯಬಹುದು ಅನ್ನುವ ಹಾಗಾಯಿತು.

ಹಾಸನದ ಮೇಷ್ಟ್ರು

ಮೈಸೂರು ಕಡೆಯ ಒಂದು ಕೊಂಡಿಯನ್ನು ನಾನು ಸೇರಿಸುತ್ತೇನೆ. ಪಾನಗಲ್ ಅವರ ಅತಿ ದೊಡ್ಡ ಎದುರಾಳಿಯನ್ನು ತಯಾರು ಮಾಡಿ ಕಳಿಸಿದ್ದು ನಮ್ಮ ಮೈಸೂರೇ.

ಕಟ್ಟಮಂಚಿ ರಾಮಲಿಂಗಾ ರೆಡ್ಡಿ. ಸಿ.ಆರ್. ರೆಡ್ಡಿ ಅಂದರೆ ಜಾಸ್ತಿ ಜನಕ್ಕೆ ಗೊತ್ತಾಗುತ್ತದೆ. ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು, ಆಮೇಲೆ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದವರು. ಸರ್ಕಾರಿ ಶಾಲೆಗಳಲ್ಲಿ ಅಸ್ಪೃಶ್ಯ ಮಕ್ಕಳನ್ನು ಸೇರಿಸಿಕೊಳ್ಳಲೇಬೇಕು ಅಂತ ನಿಂತವರಲ್ಲಿ ಅವರೂ ಒಬ್ಬರು. 1917ರಲ್ಲಿ ಮೈಸೂರಿನಲ್ಲಿ ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿ ಹುಟ್ಟಿದಾಗ ಅದಕ್ಕೆ ಅವರ ಬೆಂಬಲ ಇತ್ತು. 1918ರಲ್ಲಿ ನಾಲ್ವಡಿಯವರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಸಮಿತಿ ಮಾಡಿದರು. ಅದರ ವರದಿಯ ಮೇಲೆ 1921ರಲ್ಲಿ ಸರ್ಕಾರಿ ಆದೇಶ ಬಂತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಅಂತ. ಮದ್ರಾಸಿನಲ್ಲಿ ನೇಮಕದ ಜಾತಿವಾರು ಆದೇಶ ಬಂದದ್ದೂ 1921ರ ಸೆಪ್ಟೆಂಬರಿನಲ್ಲಿ. ಎರಡೂ ಸರ್ಕಾರ ಒಂದೇ ವರ್ಷದಲ್ಲಿ ಒಂದೇ ಕಡೆಗೆ ನಡೆದವು. ಇಲ್ಲಿ ಒಬ್ಬ ಮಹಾರಾಜರ ಅಪ್ಪಣೆಯಿಂದ, ಅಲ್ಲಿ ಚುನಾಯಿತ ಪಕ್ಷದ ಒತ್ತಡದಿಂದ.

ಮದ್ರಾಸಿಗೆ ಹೋದ ಸಿ.ಆರ್. ರೆಡ್ಡಿಯವರು ಮೊದಲು ಜಸ್ಟಿಸ್ ಪಾರ್ಟಿಯಲ್ಲೇ ಇದ್ದರು. ಪಾನಗಲ್ ಅವರ ಧೋರಣೆ ಸರಿಬರದೆ ಹೊರಬಂದು ಬೇರೆ ಗುಂಪು ಕಟ್ಟಿದರು. 1923ರ ಚುನಾವಣೆಯಲ್ಲಿ ಜಸ್ಟಿಸ್ ಪಾರ್ಟಿ 44ಕ್ಕೆ ಇಳಿಯಿತು. ಹೊಸ ಕೌನ್ಸಿಲ್ ಸೇರಿದ ಕೂಡಲೇ, ನವೆಂಬರ್ 27ರಂದು, ಸಿ.ಆರ್. ರೆಡ್ಡಿಯವರು ಅವಿಶ್ವಾಸ ನಿರ್ಣಯ ತಂದರು. ಇಂಡಿಯಾದ ಶಾಸನಸಭೆಗಳಲ್ಲಿ ಅದೇ ಮೊದಲನೆಯದು ಅಂತ ಹೇಳುತ್ತಾರೆ. ಪರ 44, ವಿರುದ್ಧ 65. ಸರ್ಕಾರ ಉಳಿಯಿತು. ಚುನಾವಣೆ ಇಲ್ಲದೆ ನಾಮನಿರ್ದೇಶನಗೊಂಡ ಸದಸ್ಯರು ಪಾನಗಲ್ ಜೊತೆ ನಿಂತದ್ದು ಅವರಿಗೆ ನೆರವಾಯಿತು.

ಆಮೇಲಿನದು ಇನ್ನೂ ಸ್ವಾರಸ್ಯ. ಪಾನಗಲ್ ಸರ್ಕಾರ ಮಾಡಿದ ಆಂಧ್ರ ವಿಶ್ವವಿದ್ಯಾಲಯಕ್ಕೆ ಮೊದಲ ಉಪಕುಲಪತಿ ಯಾರು? ಅದೇ ಸಿ.ಆರ್. ರೆಡ್ಡಿ. ಸಭೆಯಲ್ಲಿ ತನ್ನ ಸರ್ಕಾರವನ್ನೇ ಕೆಡವಲು ಹೊರಟವನಿಗೆ ಆ ಜಾಗ ಹೋಯಿತು. ಈಗಿನ ಕಾಲದಲ್ಲಿ ಇಂಥದ್ದನ್ನು ಊಹಿಸುವುದೂ ಕಷ್ಟ.

ಬಳ್ಳಾರಿ ಕೋಟೆ

ಹೊಗಳಿಕೆ ಜಾಸ್ತಿ ಆಯಿತು ಅನಿಸುತ್ತಿದೆ. ಇನ್ನೊಂದು ಕಡೆಯನ್ನೂ ನೋಡೋಣ.

ಜಸ್ಟಿಸ್ ಪಾರ್ಟಿ ಮಾತಾಡಿದ್ದು ಬ್ರಾಹ್ಮಣೇತರರ ಹೆಸರಿನಲ್ಲಿ. ಆದರೆ ಒಳಗೆ ಕೂತವರು ಯಾರು? ಜಮೀನ್ದಾರರು, ದೊಡ್ಡ ವ್ಯಾಪಾರಿಗಳು, ವಕೀಲರು. ದಲಿತರಿಗೆ ಅಲ್ಲಿ ಸಿಕ್ಕ ಜಾಗ ಎಷ್ಟು? ಎಂ.ಸಿ. ರಾಜಾ ಅವರನ್ನು ನೆನಪಿಸಿಕೊಳ್ಳಿ. ಮದ್ರಾಸ್ ಕೌನ್ಸಿಲಿನಲ್ಲಿ ದಲಿತರ ದನಿ ಅಂದರೆ ಅವರು. ಶುರುವಿನಲ್ಲಿ ಜಸ್ಟಿಸ್ ಪಾರ್ಟಿಯ ಜೊತೆಗೇ ಇದ್ದರು.

1921ರಲ್ಲಿ ಮದ್ರಾಸಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಬಟ್ಟೆ ಮಿಲ್ಲಿನಲ್ಲಿ ದೊಡ್ಡ ಮುಷ್ಕರ ಆಯಿತು. ಆದಿ ದ್ರಾವಿಡ, ಅಂದರೆ ದಲಿತ, ಕಾರ್ಮಿಕರಲ್ಲಿ ಹೆಚ್ಚಿನವರು ಕೆಲಸ ಬಿಡಲಿಲ್ಲ. ಹೊಟ್ಟೆಪಾಡು. ಜಾತಿ ಹಿಂದೂ ಕಾರ್ಮಿಕರಿಗೂ ಅವರಿಗೂ ಪುಳಿಯಾಂತೋಪಿನಲ್ಲಿ ಹೊಡೆದಾಟ ನಡೆಯಿತು, ಗುಡಿಸಲುಗಳು ಸುಟ್ಟುಹೋದವು, ಪೊಲೀಸರು ಗುಂಡು ಹಾರಿಸಿದರು. ಆಗ ಜಸ್ಟಿಸ್ ಪಾರ್ಟಿಯ ನಾಯಕರು ಏನು ಹೇಳಿದರು? ಸರ್ಕಾರದ ಲೇಬರ್ ಇಲಾಖೆ ಆದಿ ದ್ರಾವಿಡರನ್ನು ಓಲೈಸಿದ್ದರಿಂದಲೇ ಇದೆಲ್ಲ ಆಯಿತು ಅಂದರು. ಗುಡಿಸಲು ಕಳೆದುಕೊಂಡವರ ಮೇಲೆಯೇ ಆರೋಪ. 1923ರಲ್ಲಿ ಎಂ.ಸಿ. ರಾಜಾ ಪಕ್ಷ ಬಿಟ್ಟರು. ಬಿಡದೆ ಏನು ಮಾಡುತ್ತಾರೆ?

1921ರ ಆದೇಶ ಕೂಡ ಕಾಗದದ ಮೇಲೆ ಬಂದಷ್ಟು ಬೇಗ ಕಚೇರಿಗೆ ಬರಲಿಲ್ಲ. ಹನ್ನೆರಡು ಹುದ್ದೆ ಇದ್ದರೆ ಯಾರಿಗೆ ಎಷ್ಟು ಅಂತ ಸರದಿ ಕಟ್ಟಿ ನಿಜವಾಗಿ ಜಾರಿ ಮಾಡಿದ್ದು ಮುಂದಿನ ಸರ್ಕಾರ. ಪಿ. ಸುಬ್ಬರಾಯನ್ ಅವರ ಮಂತ್ರಿಮಂಡಲ, ಅದರಲ್ಲಿ ಎಸ್. ಮುತ್ತಯ್ಯ ಮುದಲಿಯಾರ್. ಬ್ರಾಹ್ಮಣೇತರ ಹಿಂದೂಗಳಿಗೆ ಐದು, ಬ್ರಾಹ್ಮಣರಿಗೆ ಎರಡು, ಮುಸ್ಲಿಮರಿಗೆ ಎರಡು, ಕ್ರೈಸ್ತರು ಮತ್ತು ಆಂಗ್ಲೋ ಇಂಡಿಯನ್ನರಿಗೆ ಎರಡು, ದಲಿತರಿಗೆ ಒಂದು. ಹನ್ನೆರಡರಲ್ಲಿ ಒಂದು! ಆ ಒಂದೂ ಪಾನಗಲ್ ಕೆಳಗಿಳಿದ ಮೇಲೆ ಬಂದದ್ದು.

ಕುಂದಾಪುರದ ಓದುಗ

ಬಳ್ಳಾರಿಯವರೇ, ನೀವು ಹೇಳಿದ ಪುಳಿಯಾಂತೋಪಿನ ವಿಷಯಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ, ಹುಡುಕುವುದೂ ಬೇಡ. ಪಕ್ಷದ ಮೇಲಿನ ಆ ಕಲೆ ಹೋಗುವುದಿಲ್ಲ.

ಆದರೆ ಆದೇಶದ ಬಗ್ಗೆ ಸ್ವಲ್ಪ ಬೇರೆ ಹೇಳುತ್ತೇನೆ. ನೇಮಕ ಮಾಡುವಾಗ ಯಾವ ಸಮುದಾಯದವರು ಎಷ್ಟು ಅಂತ ಪ್ರತಿ ಇಲಾಖೆ ಲೆಕ್ಕ ಇಡಬೇಕು, ಅದನ್ನು ಸರ್ಕಾರಕ್ಕೆ ಒಪ್ಪಿಸಬೇಕು ಎಂಬ ಪದ್ಧತಿ ಇವರ ಕಾಲದಲ್ಲಿ ಬಂತು. ಲೆಕ್ಕವೇ ಇಲ್ಲದಿದ್ದರೆ ಮುಂದೆ ಮುತ್ತಯ್ಯ ಮುದಲಿಯಾರ್ ಸರದಿ ಕಟ್ಟುವುದು ಯಾವುದರ ಮೇಲೆ? ಈ ಸರದಿಯೇ ಬೆಳೆಯುತ್ತಾ ಬಂದು 1951ರಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಿದ್ದುಹೋಯಿತು. ಅದಕ್ಕೇ ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿ ಆಗಿ 15(4)ನೇ ವಿಧಿ ಸೇರಿತು. ಇವತ್ತು ಕರ್ನಾಟಕದ ಸರ್ಕಾರಿ ಕಾಲೇಜುಗಳಲ್ಲಿ ಹಿಂದುಳಿದವರ, ದಲಿತರ ಸೀಟಿನ ಮೀಸಲಾತಿ ನಿಂತಿರುವುದು ಆ ವಿಧಿಯ ಮೇಲೆ.

ನನಗೆ ಪಾನಗಲ್ ಅವರಲ್ಲಿ ಕಾಣುವ ಒಂದೇ ಸ್ವಭಾವ ಇದು: ಲೆಕ್ಕ ತೋರಿಸಿ ಅಂತ ಕೇಳುವುದು. ಕಚೇರಿಯನ್ನೂ ಕೇಳಿದರು, ದೇವಸ್ಥಾನವನ್ನೂ ಕೇಳಿದರು.

ನೇತ್ರಾವತಿ ದಂಡೆ

ದೇವಸ್ಥಾನದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಮೊಕ್ತೇಸರರ ಮನೆ. ಅಜ್ಜನ ಅಪ್ಪನ ಕಾಲದ ಲೆಕ್ಕದ ಪುಸ್ತಕಗಳು ಅಟ್ಟದಲ್ಲಿ ಇನ್ನೂ ಇವೆ.

ಅದರಲ್ಲಿ ಹಳೆಯವು ಒಂದು ಥರ, ಆಮೇಲಿನವು ಇನ್ನೊಂದು ಥರ. ಹಳೆಯ ಪುಸ್ತಕದಲ್ಲಿ ಗೇಣಿ ಅಕ್ಕಿ ಇಷ್ಟು ಮುಡಿ ಬಂತು ಅಂತ ಇದೆ, ಅಷ್ಟೇ. ಎಲ್ಲಿ ಹೋಯಿತು ಅನ್ನುವುದಕ್ಕೆ ಒಂದೇ ಸಾಲು: ದೇವರ ಖರ್ಚು. 1930ರ ದಶಕದ ಪುಸ್ತಕ ತೆಗೆದರೆ ಕಾಲಂ ಶುರು. ನಂದಾದೀಪದ ಎಣ್ಣೆ ಬೇರೆ, ನೈವೇದ್ಯದ ಅಕ್ಕಿ ಬೇರೆ, ಭಟ್ಟರ ಸಂಬಳ ಬೇರೆ, ಜಾತ್ರೆಯ ವಾಲಗದವರಿಗೆ ಕೊಟ್ಟದ್ದು ಬೇರೆ. ಪುಟದ ಕೆಳಗೆ ಕೆಂಪು ಪೆನ್ಸಿಲ್ಲಿನ ಗುರುತು. ಒಂದು ಕಡೆ ಎಣ್ಣೆಯ ಮೊತ್ತದ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ರಸೀದಿ ಎಲ್ಲಿ ಅಂತ ಕೇಳಿದ್ದಾರೆ. ಮುಂದಿನ ವರ್ಷದ ಪುಸ್ತಕಕ್ಕೆ ಎಣ್ಣೆ ಗಾಣದವನ ಚೀಟಿಗಳನ್ನು ಸೂಜಿದಾರದಲ್ಲಿ ಪೋಣಿಸಿ ಕಟ್ಟಿಟ್ಟಿದ್ದಾರೆ. ಅವು ಈಗಲೂ ಹಾಗೇ ಇವೆ, ಇಲಿ ತಿಂದ ಒಂದೆರಡು ಬಿಟ್ಟು.

ನಮ್ಮ ಮನೆಯಲ್ಲಿ ಇದನ್ನು ಅವಮಾನ ಅಂತಲೇ ಹೇಳಿಕೊಂಡು ಬಂದರು. ನಾವು ಕೈಯಿಂದ ಹಾಕಿ ಜೀರ್ಣೋದ್ಧಾರ ಮಾಡಿಸಿದವರು, ನಮ್ಮನ್ನೇ ರಸೀದಿ ಕೇಳುವುದಾ ಅಂತ. ನನಗೆ ಹಾಗನಿಸುವುದಿಲ್ಲ. ಗದ್ದೆ ಊರಿನವರು ದೇವರಿಗೆ ಬಿಟ್ಟದ್ದು. ಆ ಪುಸ್ತಕ ಓದಿದರೆ ಮೊದಲ ಸಲ ಊರಿನವರಿಗೆ ಪ್ರಶ್ನೆ ಕೇಳುವ ದಾರಿ ಸಿಕ್ಕಿತು ಅಂತ ಗೊತ್ತಾಗುತ್ತದೆ.

ನನ್ನ ಪ್ರಶ್ನೆ ಏನೆಂದರೆ, ಪಾನಗಲ್ ಅವರಿಗಿಂತ ಮುಂಚೆ ಸರ್ಕಾರಕ್ಕೆ ದೇವಸ್ಥಾನದ ಮೇಲೆ ಯಾವ ಅಧಿಕಾರವೂ ಇರಲಿಲ್ಲವೇ?

ಉಡುಪಿ ವಕೀಲ

ಇತ್ತು, ಮಾರಾಯ್ರೆ. ಇತ್ತು, ಆಮೇಲೆ ಬಿಟ್ಟರು. ಅಲ್ಲೇ ಎಲ್ಲ ತೊಂದರೆ ಶುರುವಾದದ್ದು.

1817ರಲ್ಲಿ ಕಂಪನಿ ಸರ್ಕಾರ ಮದ್ರಾಸಿನಲ್ಲಿ ಒಂದು ರೆಗ್ಯುಲೇಶನ್ ಮಾಡಿ ದೇವಸ್ಥಾನ, ಛತ್ರಗಳ ಆಸ್ತಿಯನ್ನು ರೆವಿನ್ಯೂ ಬೋರ್ಡಿನ ಮೇಲ್ವಿಚಾರಣೆಗೆ ತಂದಿತು. ಕಲೆಕ್ಟರರೇ ಜಾತ್ರೆ, ರಥೋತ್ಸವದ ಉಸ್ತುವಾರಿ ನೋಡುತ್ತಿದ್ದರು. ಕ್ರೈಸ್ತ ಸರ್ಕಾರ ವಿಗ್ರಹಾರಾಧನೆ ನಡೆಸುವುದಾ ಅಂತ ಮಿಷನರಿಗಳು ಗಲಾಟೆ ಎಬ್ಬಿಸಿದರು. ಸರ್ಕಾರ ಕೈ ತೊಳೆದುಕೊಂಡಿತು. 1863ರ ಕಾಯ್ದೆಯಲ್ಲಿ ದೇವಸ್ಥಾನಗಳನ್ನು ಟ್ರಸ್ಟಿಗಳಿಗೂ ಸ್ಥಳೀಯ ಸಮಿತಿಗಳಿಗೂ ಬಿಟ್ಟುಕೊಟ್ಟರು. ಸಮಿತಿಯ ಸದಸ್ಯ ಸಾಯುವವರೆಗೂ ಸದಸ್ಯ. ಯಾರಾದರೂ ದುಡ್ಡು ತಿಂದರೆ ಭಕ್ತರು ಕೋರ್ಟಿಗೆ ಹೋಗಬೇಕು, ಅದೂ ತಮ್ಮ ಖರ್ಚಿನಲ್ಲಿ. ಇದನ್ನು ಸರಿ ಮಾಡಿ ಅಂತ ಮದ್ರಾಸಿನ ದೊಡ್ಡ ದೊಡ್ಡ ವಕೀಲರೇ ಹತ್ತಾರು ವರ್ಷ ಕೇಳಿಕೊಂಡರು. ಬ್ರಿಟಿಷರು ಧರ್ಮದ ವಿಷಯ ನಮಗೆ ಬೇಡ ಅಂತ ಕೂತರು.

ಪಾನಗಲ್ 1922ರ ಡಿಸೆಂಬರಿನಲ್ಲಿ ಮಸೂದೆ ತಂದರು. ಸಭೆಯಲ್ಲಿ ವಿರೋಧ ಜೋರಾಗಿತ್ತು. 1923ರಲ್ಲಿ ಪಾಸಾದರೂ ಗವರ್ನರು ವಿಲ್ಲಿಂಗ್ಡನ್ ಒಪ್ಪಿಗೆ ಕೊಡದೆ ಮರುಪರಿಶೀಲನೆಗೆ ಕಳಿಸಿದರು. ಚುನಾವಣೆ ಆಯಿತು, ಬಹುಮತ ಕರಗಿತು, ಅವಿಶ್ವಾಸ ಬಂತು. ಇಷ್ಟಾದರೂ ಮನುಷ್ಯ ಬಿಡಲಿಲ್ಲ. ಹೊಸ ಸಭೆಯಲ್ಲಿ ಮತ್ತೆ ಪಾಸು ಮಾಡಿಸಿ 1925ರಲ್ಲಿ ಕಾಯ್ದೆ ಮಾಡಿದರು. ಅದರ ಸಿಂಧುತ್ವದ ಮೇಲೆ ತಕರಾರು ಎದ್ದಾಗ 1927ರಲ್ಲಿ ಹೊಸ ಕಾಯ್ದೆಯಾಗಿ ಮತ್ತೆ ಬಂತು. ಆಗ ಅವರು ಅಧಿಕಾರದಲ್ಲೇ ಇರಲಿಲ್ಲ.

ಕಾಯ್ದೆಯಲ್ಲಿ ಇದ್ದದ್ದು ಸರಳ. ಇಡೀ ಪ್ರಾಂತ್ಯಕ್ಕೆ ಒಂದು ಬೋರ್ಡು. ಟ್ರಸ್ಟಿಗಳು ಬಜೆಟ್ಟು, ಲೆಕ್ಕ ಕೊಡಬೇಕು. ಆಡಿಟ್ ಆಗಬೇಕು. ಆಡಳಿತ ಹದಗೆಟ್ಟರೆ ಬೋರ್ಡು ಸ್ಕೀಮು ಹಾಕಬಹುದು, ಅಂದರೆ ಆಡಳಿತ ಹೀಗೇ ನಡೆಯಬೇಕು ಅಂತ ತಾನೇ ಕಟ್ಟಳೆ ಮಾಡಬಹುದು. ಬೋರ್ಡಿನ ಖರ್ಚಿಗೆ ದೇವಸ್ಥಾನಗಳೇ ವಂತಿಗೆ ಕೊಡಬೇಕು. ಆನುವಂಶಿಕ ಟ್ರಸ್ಟಿಗಳಿರುವ ದೇವಸ್ಥಾನಗಳಿಗೆ ಕೆಲವು ವಿನಾಯಿತಿ ಇತ್ತು. ನಿಮ್ಮ ಮನೆಯ ಮೊಕ್ತೇಸರಿಕೆ ಉಳಿದದ್ದು ಅದರಿಂದ.

ಈಗ ನಮ್ಮೂರಿನ ಕಥೆ ಹೇಳುತ್ತೇನೆ. ಕಾನೂನು ಓದಿದವರಿಗೆಲ್ಲ ಶೀರೂರು ಮಠದ ಕೇಸು ಗೊತ್ತು. ಅದು ಪಾನಗಲ್ ಕಾಯ್ದೆಯಿಂದ ಹುಟ್ಟಿದ ಕೇಸು ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಉಡುಪಿಯಲ್ಲಿ ಎಂಟು ಮಠ. ಒಂದೊಂದು ಮಠಕ್ಕೂ ಎರಡು ವರ್ಷ ಕೃಷ್ಣನ ಪೂಜೆಯ ಸರದಿ. ಹಾಗಾಗಿ ಒಂದು ಮಠಕ್ಕೆ ಪರ್ಯಾಯ ಬರುವುದು ಹದಿನಾರು ವರ್ಷಕ್ಕೊಮ್ಮೆ. ಬಂದಾಗ ಖರ್ಚು ಸಾಮಾನ್ಯದ್ದಲ್ಲ. ಎರಡು ವರ್ಷ ದಿನಾ ಬಂದವರಿಗೆಲ್ಲ ಊಟ ಹಾಕಬೇಕು. ಪರ್ಯಾಯಕ್ಕೆ ವರ್ಷ ಮುಂಚೆಯೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ ಅಂತ ಸಾಮಾನು ಕೂಡಿಡುವುದನ್ನು ನೀವೆಲ್ಲ ನೋಡಿದ್ದೀರಿ.

ಶೀರೂರು ಮಠದ ಲಕ್ಷ್ಮೀಂದ್ರ ತೀರ್ಥರು 1919ರಲ್ಲಿ ಪೀಠಕ್ಕೆ ಬಂದಾಗ ಇನ್ನೂ ಬಾಲಕರು. 1931ರಲ್ಲಿ ಅವರ ಮೊದಲ ಪರ್ಯಾಯ. ಸಾಲ ಆಯಿತು. ಎರಡನೆಯದು ಯುದ್ಧ ಮುಗಿದ ಹೊತ್ತಿನದು. ಅಕ್ಕಿಗೆ ಅಭಾವ, ಎಲ್ಲದರ ಬೆಲೆ ಏರಿತ್ತು. ಸಾಲ ಒಂದು ಲಕ್ಷ ರೂಪಾಯಿಯ ಹತ್ತಿರ ಹೋಯಿತು. ಆ ಕಾಲದ ಲಕ್ಷ! ಬೋರ್ಡು ಮಧ್ಯೆ ಬಂದು ಸಮರ್ಥ ಮ್ಯಾನೇಜರನ್ನು ಇಡಿ ಅಂತ ಹೇಳಿತು. ಇಟ್ಟ ಏಜೆಂಟರಿಗೂ ಸ್ವಾಮಿಗಳಿಗೂ ಆಗಿಬರಲಿಲ್ಲ. ಕೊನೆಗೆ ಬೋರ್ಡು ಮಠಕ್ಕೆ ಸ್ಕೀಮು ಹಾಕಲು ಹೊರಟಿತು. ಸ್ವಾಮಿಗಳು ಮದ್ರಾಸ್ ಹೈಕೋರ್ಟಿಗೆ ಹೋದರು. ಅಷ್ಟರಲ್ಲಿ ಹಳೆಯ ಕಾಯ್ದೆಯ ಜಾಗಕ್ಕೆ 1951ರ ಹೊಸ ಮದ್ರಾಸ್ ಕಾಯ್ದೆ ಬಂದಿತ್ತು. ಅದನ್ನೂ ಪ್ರಶ್ನೆ ಮಾಡಿದರು, ಗೆದ್ದರು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

1954ರ ತೀರ್ಪು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರದು. ಧರ್ಮಕ್ಕೆ ಯಾವ ಆಚರಣೆ ಅತ್ಯಗತ್ಯ ಅನ್ನುವುದನ್ನು ಆ ಧರ್ಮದ ಸಿದ್ಧಾಂತವನ್ನೇ ನೋಡಿ ತಿಳಿಯಬೇಕು, ಅದರಲ್ಲಿ ಸರ್ಕಾರ ಕೈಹಾಕುವಂತಿಲ್ಲ ಅಂತ ಹೇಳಿದರು. ಆಸ್ತಿಯ ಆಡಳಿತಕ್ಕೆ ಮಾತ್ರ ಕಾನೂನು ಮಾಡಬಹುದು. ಅಧಿಕಾರಿ ಯಾವಾಗ ಬೇಕಾದರೂ ಮಠದ ಯಾವ ಮೂಲೆಗೂ ನುಗ್ಗಬಹುದು ಎಂಬ ಸೆಕ್ಷನ್ ಹೋಯಿತು. ವಂತಿಗೆ ವಸೂಲಿ ಮಾಡುವ ಸೆಕ್ಷನ್ನು ಕೂಡ, ಅದು ಶುಲ್ಕ ಅಲ್ಲ, ತೆರಿಗೆ ಅಂತ ಬಿದ್ದಿತು. ಶಬರಿಮಲೆಯ ಕೇಸಿನವರೆಗೂ ಕೋರ್ಟುಗಳು ವಾದ ಮಾಡುವುದು ಈ ತೀರ್ಪನ್ನು ಇಟ್ಟುಕೊಂಡೇ. ಕಾಳಹಸ್ತಿಯ ಒಬ್ಬ ಸಂಸ್ಕೃತ ಓದಿದ ಮಂತ್ರಿ, ಉಡುಪಿಯ ಒಬ್ಬ ಸ್ವಾಮಿಗಳು, ಇಬ್ಬರೂ ಎಂದೂ ಎದುರುಬದುರು ಕೂರಲಿಲ್ಲ. ಆದರೆ ಧರ್ಮ ಮತ್ತು ಸರ್ಕಾರದ ನಡುವಿನ ಗೆರೆ ಎಲ್ಲಿ ಅನ್ನುವುದು ಈ ಎರಡು ಕಡೆಯಿಂದಲೇ ನಿಶ್ಚಯವಾಯಿತು.

ಹಾಸನದ ಮೇಷ್ಟ್ರು

ವಕೀಲರೇ, ಅದ್ಭುತವಾಗಿ ಹೇಳಿದಿರಿ. ನಮ್ಮ ಹಳೇ ಮೈಸೂರಲ್ಲಿ ಮುಜರಾಯಿ ಇತ್ತು. ಅರಮನೆಯ ಆಳ್ವಿಕೆಯಲ್ಲಿ ದೇವಸ್ಥಾನ ಸರ್ಕಾರದ್ದು ಅನ್ನುವುದಕ್ಕೆ ಯಾರೂ ತಕರಾರು ಮಾಡಲಿಲ್ಲ. ಅಲ್ಲಿಯ ಕಾಯ್ದೆಯೂ 1927ರದ್ದೇ.

ಪುತ್ತೂರು ಟೀಚರ್

ಗಂಡಸರೆಲ್ಲ ಲೆಕ್ಕದ ಮಾತಾಡುತ್ತಿದ್ದೀರಿ. ಅದೇ ಕಾಯ್ದೆ ಹೆಂಗಸರಿಗೆ ಏನು ಮಾಡಿತು ಅಂತಲೂ ಹೇಳಬೇಕಲ್ವಾ?

1921ರಲ್ಲಿ ಮದ್ರಾಸ್ ಕೌನ್ಸಿಲ್ ಹೆಂಗಸರಿಗೆ ಮತದ ಹಕ್ಕು ಕೊಡುವ ನಿರ್ಣಯ ಮಾಡಿತು. ಬ್ರಿಟಿಷ್ ಪ್ರಾಂತ್ಯಗಳಲ್ಲಿ ಎಲ್ಲರಿಗಿಂತ ಮೊದಲು. 1926ರಲ್ಲಿ ಹೆಂಗಸರು ಸಭೆಗೆ ಹೋಗುವ ದಾರಿಯೂ ತೆರೆಯಿತು. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಆ ವರ್ಷದ ಚುನಾವಣೆಗೆ ನಿಂತರು, ಸ್ವಲ್ಪದರಲ್ಲಿ ಸೋತರು. ಆಗ ಅವರಿಗೆ 23 ವರ್ಷ! ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ನಾಮನಿರ್ದೇಶನಗೊಂಡು ಸಭೆಗೆ ಬಂದರು, ಉಪಾಧ್ಯಕ್ಷೆಯೂ ಆದರು.

ಮುತ್ತುಲಕ್ಷ್ಮಿಯವರು ದೇವದಾಸಿ ಪದ್ಧತಿಗೆ ಕೈಹಾಕಿದಾಗ ಹಿಡಿದ ದಾರಿ ನೋಡಿ. ದೇವದಾಸಿಯರಿಗೆ ದೇವಸ್ಥಾನದಿಂದ ಇನಾಂ ಭೂಮಿ ಇರುತ್ತಿತ್ತು. ಸೇವೆ ಬಿಟ್ಟರೆ ಭೂಮಿ ಹೋಯಿತು. ಹೊಟ್ಟೆಗೆ ಇರುವುದೇ ಅದು, ಹಾಗಾಗಿ ಮಗಳನ್ನೂ ಅದಕ್ಕೇ ಬಿಡಬೇಕು. ಇವರು ದತ್ತಿ ಕಾಯ್ದೆಗೇ 1929ರಲ್ಲಿ ತಿದ್ದುಪಡಿ ತಂದರು. ಸೇವೆಯ ಕಟ್ಟು ಬಿಡಿಸಿ, ಭೂಮಿ ಅವರ ಕೈಯಲ್ಲೇ ಉಳಿಯುವ ಹಾಗೆ ಮಾಡಿದರು. ಮೈಸೂರಲ್ಲಿ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿದ್ದರು. ಆದರೆ ಸೇವೆ ನಿಂತ ಮೇಲೆ ಆ ಹೆಂಗಸು ಏನು ತಿನ್ನಬೇಕು ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟದ್ದು ಮುತ್ತುಲಕ್ಷ್ಮಿಯವರ ತಿದ್ದುಪಡಿ. ದೇವಸ್ಥಾನದ ಭೂಮಿಗೆ ಒಂದು ಕಾನೂನು, ಒಂದು ಬೋರ್ಡು ಇದ್ದದ್ದರಿಂದಲೇ ಅದು ಸಾಧ್ಯವಾಯಿತು.

ಬಳ್ಳಾರಿ ಕೋಟೆ

ಟೀಚರಮ್ಮಾ, ಈ ಮಾತು ಒಪ್ಪಿದೆ. ಮಾಡಿದವರ ಉದ್ದೇಶಕ್ಕಿಂತ ಕಾನೂನು ಮುಂದೆ ಹೋಗುವುದೂ ಉಂಟು. ಎಂ.ಸಿ. ರಾಜಾ ವಿಷಯದಲ್ಲಿ ಮಾತ್ರ ನನ್ನ ಮಾತು ನನ್ನದೇ.

ಕೋಲಾರದ ಹುಡುಗ

ಕೊನೆಗೆ ಅವರಿಗೆ ಏನಾಯಿತು ಸರ್?

ಕುಂದಾಪುರದ ಓದುಗ

1926ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನವರೇ ಕಟ್ಟಿದ ಸ್ವರಾಜ್ ಪಕ್ಷ 41 ಗೆದ್ದಿತು, ಜಸ್ಟಿಸ್ ಪಾರ್ಟಿ 21. ಸ್ವರಾಜ್ ಪಕ್ಷದವರು ಮಂತ್ರಿ ಪದವಿ ಬೇಡ ಅಂದರು. ಗವರ್ನರು ಗೋಷನ್ ಅವರು ಸುಬ್ಬರಾಯನ್ ಅವರನ್ನು ಕರೆದು ಪಕ್ಷೇತರರ ಸರ್ಕಾರ ಮಾಡಿಸಿದರು. ಪಾನಗಲ್ ವಿರೋಧ ಪಕ್ಷದಲ್ಲಿ ಕೂತರು. ತ್ಯಾಗರಾಯ ಚೆಟ್ಟಿ 1925ರಲ್ಲೇ ತೀರಿಕೊಂಡಿದ್ದರಿಂದ ಪಕ್ಷದ ಭಾರವೂ ಇವರ ಮೇಲೆ. 1928ರ ಡಿಸೆಂಬರ್ 16ರಂದು ತೀರಿಕೊಂಡರು. 62 ವರ್ಷ.

ಚೆನ್ನೈಗೆ ಹೋದವರು ತ್ಯಾಗರಾಯನಗರದಲ್ಲಿ ಸೀರೆ ಅಂಗಡಿಗಳ ನಡುವೆ ಒಂದು ಪಾರ್ಕು ನೋಡಿರುತ್ತೀರಿ. ಪಾನಗಲ್ ಪಾರ್ಕು. ಆ ಬಡಾವಣೆ ಮಾಡಿದ್ದೇ ಇವರ ಕಾಲದಲ್ಲಿ, ಒಂದು ದೊಡ್ಡ ಕೆರೆಯ ಜಾಗ ತುಂಬಿಸಿ. ಕೆರೆ ತುಂಬಿಸಿದ್ದಕ್ಕೆ ಇವತ್ತು ಮಳೆಗಾಲದಲ್ಲಿ ಆ ಊರು ಬೆಲೆ ಕೊಡುತ್ತಿದೆ, ಅದನ್ನೂ ಹೇಳಬೇಕು.

ವಕೀಲರೇ, 1956ರ ಆಚೆ ನಮ್ಮ ಜಿಲ್ಲೆಯಲ್ಲಿ ಆ ಕಾಯ್ದೆ ಹೇಗೆ ಮುಂದುವರಿಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉಡುಪಿ ವಕೀಲ

ರಾಜ್ಯ ಒಂದಾಯಿತು, ಕಾಯ್ದೆಗಳು ಒಂದಾಗಲಿಲ್ಲ. ಹಳೇ ಮೈಸೂರಿಗೆ ಮುಜರಾಯಿ ಕಾಯ್ದೆ. ಮುಂಬೈ ಕರ್ನಾಟಕಕ್ಕೆ ಪಬ್ಲಿಕ್ ಟ್ರಸ್ಟ್ ಕಾಯ್ದೆ. ಹೈದರಾಬಾದ್ ಕಡೆಗೆ ಅಲ್ಲಿಯದು, ಕೊಡಗಿಗೆ ಕೊಡಗಿನದು. ದಕ್ಷಿಣ ಕನ್ನಡದಂಥ ಹಳೆಯ ಮದ್ರಾಸ್ ಭಾಗಕ್ಕೆ 1951ರ ಮದ್ರಾಸ್ ಕಾಯ್ದೆ. ಒಂದೇ ರಾಜ್ಯದಲ್ಲಿ ಘಟ್ಟ ಇಳಿದರೆ ದೇವರಿಗೆ ಬೇರೆ ಕಾನೂನು.

ಮಧ್ಯೆ ಇನ್ನೊಂದು ದೊಡ್ಡ ಬದಲಾವಣೆ ಆಯಿತು. 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ ದೇವಸ್ಥಾನದ ಗೇಣಿ ಗದ್ದೆಗಳು ಒಕ್ಕಲುಗಳಿಗೆ ಹೋದವು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಆದರೆ ಪಾನಗಲ್ ಕಾಯ್ದೆ ಕಾಯಲು ಹೊರಟದ್ದು ಆ ಭೂಮಿಯನ್ನೇ. ಆಮೇಲೆ ಸಣ್ಣ ದೇವಸ್ಥಾನಗಳಿಗೆ ಉಳಿದದ್ದು ಸರ್ಕಾರ ವರ್ಷಕ್ಕಿಷ್ಟು ಅಂತ ಕೊಡುವ ಹಣ, ಅಂದರೆ ವರ್ಷಾಶನ, ತಸ್ತೀಕು. ಅದರಲ್ಲಿ ಎಷ್ಟೋ ಕಡೆ ನಂದಾದೀಪಕ್ಕೂ ಸಾಲುವುದಿಲ್ಲ.

ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಅಂತ 1997ರಲ್ಲಿ ಮಾಡಿದರು. ಜಾರಿಗೆ ಬಂದದ್ದು 2003ರ ಮೇ ತಿಂಗಳಲ್ಲಿ. ಅಲ್ಲಿಗೆ ಮದ್ರಾಸ್ ಕಾಯ್ದೆ ನಮ್ಮಲ್ಲಿ ರದ್ದಾಯಿತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರಲ್ಲಿ ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಸ್ಥಾನದ ಹೆಸರಿನ ಕೇಸು ಮುಖ್ಯ. 2006ರಲ್ಲಿ ಹೈಕೋರ್ಟು ಹೊಸ ಕಾಯ್ದೆಯನ್ನೇ ಹೊಡೆದುಹಾಕಿತು. ಸರ್ಕಾರ ಸುಪ್ರೀಂ ಕೋರ್ಟಿನಿಂದ ತಡೆ ತಂದಿತು. 2011ರಲ್ಲಿ ತಿದ್ದುಪಡಿಯೂ ಆಯಿತು.

ನೇತ್ರಾವತಿಯವರೇ, ಒಂದು ಕೆಲಸದ ಮಾತು. ಅಟ್ಟದಲ್ಲಿರುವ ಪುಸ್ತಕಗಳನ್ನು ದಯವಿಟ್ಟು ಕೆಳಗೆ ಇಳಿಸಿ. ಆನುವಂಶಿಕ ಮೊಕ್ತೇಸರಿಕೆಯ ತಕರಾರು ಬಂದರೆ ಮೊದಲು ಕೇಳುವುದೇ ಆ ಕೆಂಪು ಪೆನ್ಸಿಲ್ಲಿನ ಆಡಿಟ್ ಪುಟಗಳನ್ನು. ಎಣ್ಣೆ ಚೀಟಿಗಳನ್ನೂ ಬಿಡಬೇಡಿ. ಎಲ್ಲವನ್ನೂ ಒಮ್ಮೆ ಸ್ಕ್ಯಾನ್ ಮಾಡಿಸಿಟ್ಟುಕೊಳ್ಳಿ.